ಹಳದಮ್ಮನ ನಿಧನವಾರ್ತೆ

ಭಾನುವಾರ ಬೆಳಿಗ್ಗೆ ಮಾಚೇನಹಳ್ಳಿಯ ಕೈಗಾರಿಕಾ ಶೆಡ್ಡುಗಳ ಹಿಂದಿನ ಬಯಲಿನಲ್ಲಿ ರಿಮೋಟಿನ ವಿಮಾನ ಹಾರಿಸುವವರಿಗೆ ಒಂದು ಕಟ್ಟಳೆ ಇದೆ. ವಿಮಾನ ಬಿದ್ದರೆ ಯಾರಾದರೊಬ್ಬರು ಅದರ ನಿಧನವಾರ್ತೆ ಹೇಳಬೇಕು. ಹೇಳುವ ತನಕ ಬಿದ್ದದ್ದರ ಚೂರು ಯಾರೂ ಎತ್ತುವಂತಿಲ್ಲ, ಟೀ ಫ್ಲಾಸ್ಕಿನ ಮುಚ್ಚಳ ತೆಗೆಯುವಂತಿಲ್ಲ. ವಾರ್ತೆಯಲ್ಲಿ ಎಷ್ಟು ಸುಳ್ಳಾದರೂ ಇರಬಹುದು. ಸಾವಿನ ಕಾರಣ ಮಾತ್ರ ನಿಜವಿರಬೇಕು.

ಕಟ್ಟಳೆ ಹುಟ್ಟಿಸಿದವರು ಕೊಟ್ರಬಸಪ್ಪನವರು. ಆಗ ಕಾಗದನಗರದ ಕಾರ್ಖಾನೆ ಮೂರು ಪಾಳಿಯಲ್ಲಿ ನಡೆಯುತ್ತಿತ್ತು, ಅವರು ಅಲ್ಲಿ ಫೋರ್‌ಮನ್. ಪಾಳಿ ಮುಗಿಸಿ ಬಂದು ಕ್ವಾರ್ಟರ್ಸಿನ ವರಾಂಡದಲ್ಲಿ ಕೂತು ಹಗುರ ಮರದ ಪಟ್ಟಿ ಕೊಯ್ದು ರೆಕ್ಕೆ ಕಟ್ಟುವರು, ಮೇಲೆ ತೆಳುಕಾಗದ ಅಂಟಿಸುವರು. ಎಂಜಿನ್ನಿಗೆ ಹಾಕುವ ಎಣ್ಣೆಯಲ್ಲಿ ಹರಳೆಣ್ಣೆ ಬೆರೆತಿರುತ್ತಿದ್ದುದರಿಂದ ಹೆಂಡತಿ ಉಮಾಮಹೇಶ್ವರಿಯವರ ಮದುವೆ ಸೀರೆಗೂ ಆ ವಾಸನೆ ಹತ್ತಿತ್ತು. ಸಂಜೆ ಕ್ವಾರ್ಟರ್ಸಿನ ಮೈದಾನದಲ್ಲಿ ಎಂಜಿನ್ ಗುಂಯ್‌ಗುಟ್ಟಿದರೆ ಕಾಂಪೌಂಡುಗಳ ಮೇಲೆಲ್ಲ ಜನ. ಆಟದ ವಿಮಾನ ಎಂದರೆ ಕೊಟ್ರಬಸಪ್ಪನವರಿಗೆ ಆಗದು. ಗಾಳಿಯ ಮೇಲೆ ಏಳುವುದೆಲ್ಲ ವಿಮಾನವೇ, ಒಳಗೆ ಮನುಷ್ಯ ಕೂರದಿದ್ದರೆ ಅದು ಮನುಷ್ಯನ ಪುಣ್ಯ ಎನ್ನುವರು.

ಒಮ್ಮೆ ಜೊತೆಗಾರ ವೆಂಕಟಾಚಲನ ಹೊಸ ವಿಮಾನ ಮೊದಲ ಹಾರಾಟದಲ್ಲೇ ಮೇಯುತ್ತಿದ್ದ ಎಮ್ಮೆಯ ಬೆನ್ನಿಗೆ ಬಡಿದು ಪುಡಿಯಾಯಿತು. ಅವನ ಮುಖ ನೋಡುವಂತಿರಲಿಲ್ಲ. ಕ್ಯಾಂಟೀನಿನಲ್ಲಿ ದಿನವೂ ಪತ್ರಿಕೆಯ ನಿಧನವಾರ್ತೆಗಳನ್ನು ಗಟ್ಟಿಯಾಗಿ ಓದುವ ಅಭ್ಯಾಸವಿದ್ದ ಕೊಟ್ರಬಸಪ್ಪನವರು ಅದೇ ದನಿಯಲ್ಲಿ ಹೇಳಿದರು: ಮೃತರು ಒಂದು ಎಂಜಿನ್, ಎರಡು ಚಕ್ರ ಹಾಗೂ ಅಪಾರ ಅಂಟನ್ನು ಅಗಲಿದ್ದಾರೆ. ಕಾರಣ, ಹಾರಿಸಿದವರು ಆಕಾಶ ನೋಡಿದರು, ಎಮ್ಮೆ ನೋಡಲಿಲ್ಲ. ಎಮ್ಮೆ ಆರೋಗ್ಯವಾಗಿದೆ. ವೆಂಕಟಾಚಲ ಅಳುವವನು ನಕ್ಕ, ಮರುವಾರ ರೆಕ್ಕೆ ಅಂಟಿಸಿಕೊಂಡು ಬಂದ. ವಾರ್ತೆಯ ಉಪಯೋಗ ಅದೇ. ನಗಿಸಿಕೊಂಡವನು ತಿರುಗಿ ಬರುತ್ತಾನೆ.

ವಾರ್ತೆ ಹೇಳಿಸಿಕೊಳ್ಳದೆ ಹೋದವರು ವಾದಿರಾಜರು ಒಬ್ಬರೇ. ವಯಸ್ಸಾಗಿತ್ತು, ಕಣ್ಣು ಮಂದವಾಗಿತ್ತು. ಅವರ ವಿಮಾನ ಬಿದ್ದಾಗ ಪಾಪ ಎಂದು ಎಲ್ಲರೂ ಸುಮ್ಮನಿದ್ದರು, ಚೂರು ಆರಿಸಿ ಕೈಗೆ ಕೊಟ್ಟರು. ಆಮೇಲೆ ಅವರು ಹಾರಿಸುವುದು ಬಿಟ್ಟು, ಸುಮ್ಮನೆ ಬಂದು ಕುರ್ಚಿಯಲ್ಲಿ ಕೂರತೊಡಗಿದರು. ಆಮೇಲೆ ಬರುವುದೇ ನಿಂತಿತು.

ಈಗ ಕಾರ್ಖಾನೆ ನಿಂತಿದೆ. ಕೊಟ್ರಬಸಪ್ಪನವರ ಮನೆ ಶಿವಮೊಗ್ಗದ ವಿನೋಬನಗರದಲ್ಲಿದೆ. ವಿಮಾನಗಳು ಡಬ್ಬಿಯಲ್ಲಿ ತಯಾರಾಗಿಯೇ ಬರುತ್ತವೆ, ಬ್ಯಾಟರಿಯಲ್ಲಿ ಸದ್ದಿಲ್ಲದೆ ಹಾರುತ್ತವೆ. ಹಳೆಯದರಲ್ಲಿ ಉಳಿದಿದ್ದುದು ವರಾಂಡದಲ್ಲಿ ಕಟ್ಟಿದ ಹಳದಿ ವಿಮಾನ ಮಾತ್ರ. ಅದಕ್ಕೂ ಬ್ಯಾಟರಿ ಮೋಟಾರು ಕೂರಿಸಿದ್ದರು. ಬಯಲಿನವರೆಲ್ಲ ಅದನ್ನು ಹಳದಮ್ಮ ಎನ್ನುತ್ತಿದ್ದರು.

ಕಳೆದ ಚಳಿಗಾಲದ ಒಂದು ಭಾನುವಾರ ಹಳದಮ್ಮ ಬಯಲನ್ನು ಸುತ್ತಿ, ಹಾರಿಸುತ್ತಿದ್ದ ಕೊಟ್ರಬಸಪ್ಪನವರ ಕಡೆಗೇ ತಿರುಗಿದಳು. ಒಂದು ರೆಕ್ಕೆ ತಗ್ಗಿತು. ಎದುರು ಬರುವ ವಿಮಾನಕ್ಕೆ ನಮ್ಮ ಎಡ ಅದರ ಬಲ. ಆದ್ದರಿಂದ ತಗ್ಗಿದ ರೆಕ್ಕೆ ನಮಗೆ ಯಾವ ಕಡೆ ಕಾಣುತ್ತದೋ ಅದೇ ಕಡೆಗೆ ರಿಮೋಟಿನ ಕಡ್ಡಿ ತಳ್ಳಬೇಕು. ಹೊಸಬರಿಗೆ ಅವರು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ಅವರ ಹೆಬ್ಬೆರಳು ಇನ್ನೊಂದು ಕಡೆಗೆ ತಳ್ಳಿತು. ಹಳದಮ್ಮ ಮಗುಚಿ ಮೂಗಡಿಯಾಗಿ ನೆಲಕ್ಕೆ ಬಿದ್ದಳು.

ಬಯಲಿನ ಪಕ್ಕದಲ್ಲೇ ಲೇತ್ ಅಂಗಡಿ ಇಟ್ಟಿರುವ ರೂಪೇಶ್ ಓಡಿ ಹೋಗಿ ಚೂರು ಆರಿಸತೊಡಗಿದ. ಇನ್ನೊಬ್ಬರು ಫ್ಲಾಸ್ಕಿಗೆ ಕೈ ಹಾಕಿದರು. ಕೊಟ್ರಬಸಪ್ಪನವರಿಗೆ ವಾದಿರಾಜರ ಕುರ್ಚಿ ಕಣ್ಣಿಗೆ ಕಟ್ಟಿತು.

"ಎತ್ತಬೇಡ ಮಾರಾಯ. ವಾರ್ತೆ ಆಗಿಲ್ಲ," ಎಂದರು.

ರೂಪೇಶ್ ಬಗ್ಗಿದವನು ಹಾಗೇ ಉಳಿದ. "ಇವತ್ತು ಬೇಡ ಬಿಡಿ ಸಾರ್. ಗಾಳಿ ಜೋರಿತ್ತು."

ಗಾಳಿ ಇರಲಿಲ್ಲ. ಶೆಡ್ಡಿನ ಮೇಲಿನ ಬಾವುಟ ಕಂಬಕ್ಕೆ ಅಂಟಿಕೊಂಡಿತ್ತು. ಕೊಟ್ರಬಸಪ್ಪನವರು ಬಾವುಟವನ್ನೂ ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು. ತಾವೇ ಹೇಳಿಕೊಳ್ಳಬಹುದಿತ್ತು, ಆದರೆ ತಮ್ಮ ಸಾವಿನ ಸುದ್ದಿ ತಾವೇ ಓದುವುದು ಎಲ್ಲೂ ಇಲ್ಲ.

ತನುಜಾ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವವಳು, ಹಾರಿಸಲು ಕಲಿತದ್ದು ಅವರ ಕೈಯಲ್ಲಿ. ಅವಳು ಬಂದು ಚೂರುಗಳ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು.

"ಕಾಗದನಗರದ ಹಿರಿಯ ನಿವಾಸಿ ಶ್ರೀಮತಿ ಹಳದಮ್ಮನವರು ಇಂದು ಬೆಳಿಗ್ಗೆ ಮಾಚೇನಹಳ್ಳಿಯಲ್ಲಿ ನಿಧನರಾದರು. ಮೃತರು ಒಂದು ಬ್ಯಾಟರಿ, ಒಂದು ಪ್ರೊಪೆಲ್ಲರ್ ಹಾಗೂ ಊರು ತುಂಬ ಶಿಷ್ಯರನ್ನು ಅಗಲಿದ್ದಾರೆ." ಇಲ್ಲಿ ಅವಳು ನಿಲ್ಲಿಸಿದಳು. ನೇರ ಅವರನ್ನೇ ನೋಡಿದಳು. "ಕಾರಣ, ಎದುರು ಬಂದಾಗ ಯಾವ ಕಡೆ ತಳ್ಳಬೇಕು ಅಂತ ಊರಿಗೆಲ್ಲ ಪಾಠ ಹೇಳಿದ ಕೊಟ್ರಬಸಪ್ಪನವರಿಗೆ ಯಾವ ಕಡೆ ಅಂತ ಗೊತ್ತಾಗಲಿಲ್ಲ. ಮೊದಲನೇ ಪಾಠಕ್ಕೆ ಅವರನ್ನ ಮುಂದಿನ ಭಾನುವಾರ ನಾನೇ ಸೇರಿಸ್ಕೊಳ್ತೀನಿ."

ಮೊದಲು ನಕ್ಕವರು ಕೊಟ್ರಬಸಪ್ಪನವರೇ. ಆಮೇಲೆ ಉಳಿದವರಿಗೆ ಧೈರ್ಯ ಬಂತು.

"ವಾರ್ತೆಯಿಂದ ಪ್ರೊಪೆಲ್ಲರ್ ತೆಗೆದು ಬಿಡಮ್ಮ," ಎಂದರು. "ಅದೂ ಮುರಿದಿದೆ."

ಫ್ಲಾಸ್ಕು ತೆರೆಯಿತು. ಲೋಟ ಬಾಯಿಗೆ ಒಯ್ಯುವಾಗ ಟೀ ಅವರ ಅಂಗಿಯ ಮೇಲೆ ಚೆಲ್ಲಿತು. ಎಲ್ಲರೂ ನೋಡಿದರು.

"ಇದಕ್ಕೂ ವಾರ್ತೆ ಹೇಳ್ಬೇಕಾ ಸಾರ್?" ಎಂದ ರೂಪೇಶ್.

"ಅಂಗಿ ಸತ್ತಿಲ್ಲ, ಇನ್ನೊಂದು ಲೋಟ ಹಾಕು," ಎಂದರು ಕೊಟ್ರಬಸಪ್ಪನವರು.

ಮಧ್ಯಾಹ್ನ ಗೋಣಿಚೀಲ ಹೊತ್ತು ಮನೆಗೆ ಬಂದರು. ಉಮಾಮಹೇಶ್ವರಿಯವರು ಚೀಲದ ಬಾಯಲ್ಲಿ ಇಣುಕಿದ ಹಳದಿ ರೆಕ್ಕೆ ನೋಡಿದರು.

"ಕಾರಣ ಏನಂತೆ?"

"ನಾನೇ ಅಂತೆ."

"ಯಾರು ಹೇಳಿದ್ದು?"

"ತನುಜಾ. ಚೆನ್ನಾಗಿ ಹೇಳಿದಳು. ಅಂಟಿನ ಡಬ್ಬಿ ಎಲ್ಲಿಟ್ಟಿದ್ದೀಯ?"

ಉಮಾಮಹೇಶ್ವರಿಯವರು ಕೈಯಲ್ಲಿದ್ದ ಪೊರಕೆಯನ್ನು ಬಾಗಿಲ ಮೂಲೆಗೆ ಒರಗಿಸಿದರು. "ಹಾಗಾದ್ರೆ ಈ ವಾರ ವರಾಂಡ ನಿಮಗೆ, ಗುಡಿಸಲ್ಲ," ಎಂದು ಒಳಗೆ ಹೋದರು.