ಹೆಬ್ಬೆರಳು ಎತ್ತಿದರೆ ಕೆಮ್ಮು

ಹೆಬ್ಬೆರಳು ಫೋನಿನ ಮೇಲೆ ಒತ್ತಿದ್ದರೆ ಪಾಠ, ಎತ್ತಿದರೆ ಕೆಮ್ಮು. ನಮ್ಮ ಮೇಡಮ್ಮ ಪಾಠ ಮಾಡುತ್ತಿದ್ದದ್ದೇ ಹಂಗೆ. ದಾಸರಹಳ್ಳಿಯ ನಮ್ಮ ಮನೆಯ ಮೇಲಿನ ರೂಮಲ್ಲಿ ಬಾಡಿಗೆಗಿದ್ದಳು. ಯೂನಿವರ್ಸಿಟೀಲಿ ಗೆಸ್ಟ್ ಲೆಕ್ಚರರು. ಕರೆದರೆ ಕೆಲಸ ಉಂಟು, ಕರೆಯದಿದ್ದರೆ ಇಲ್ಲ. ಅವಳ ಕ್ಲಾಸಿನ ಮಕ್ಕಳೆಲ್ಲ ಪೀಣ್ಯದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡೋರು, ದಿನಾ ಕ್ಲಾಸಿಗೆ ಬರೋಕಾಗದು. ಅದಕ್ಕೆ ಫೋನ್ ಒತ್ತಿ ಹಿಡಿದು ವಾಟ್ಸಾಪ್ ಗ್ರೂಪಿಗೆ ಮಾತಲ್ಲೇ ಪಾಠ ಕಳಿಸೋಳು, ಕೆಮ್ಮು ಮಕ್ಕಳಿಗೆ ಕೇಳದ ಹಾಗೆ ಬೆರಳು ಎತ್ತೋಳು.

ಮೊದಲು ನನಗೆ ಹೇಳೋಳು. ಮೂರನೇ ಕ್ಲಾಸಿಗೆ ಬಿಟ್ಟ ಈ ಮುದುಕಿಗೆ ತಿಳಿದರೆ ಯಾರಿಗಾದರೂ ತಿಳಿಯುತ್ತೆ ಅಂತ.

"ಅರ್ಥ ಆಯ್ತಾ ಅಜ್ಜಿ?"

"ಇಲ್ಲ."

ಮತ್ತೆ ಮೊದಲಿಂದ ಹೇಳೋಳು. ಒಂದು ದಿನ ಕೇಳಿದಳು, "ಇಪ್ಪತ್ತು ವರ್ಷ ಫ್ಯಾಕ್ಟರೀಲಿ ಕಬ್ಬಿಣದ ಪೀಸು ಉಜ್ಜಿದ್ರಲ್ಲ, ಅವು ಯಾವ ಮಿಷಿನ್‌ಗೆ ಹೋದವು?"

"ಯಾರಿಗ್ಗೊತ್ತವ್ವ? ಉಜ್ಜಿ ಡಬ್ಬಕ್ಕೆ ಹಾಕ್ತಿದ್ದೆ, ಮನೆಗೆ ಬರ್ತಿದ್ದೆ."

"ಇವತ್ತಿನ ಪಾಠ ಅದೇ ಅಜ್ಜಿ! ದುಡಿದೋರಿಗೇ ತಾವು ಮಾಡಿದ್ದು ಏನಾಯ್ತು ಅಂತ ಗೊತ್ತಿರಲ್ಲ." ನನ್ನ ಮಾತನ್ನೇ ಮಕ್ಕಳಿಗೆ ಕಳಿಸಿ, ನನ್ನನ್ನೂ ಗ್ರೂಪಿಗೆ ಸೇರಿಸಿದಳು.

ಒಂದು ಬೆಳಿಗ್ಗೆ ಅವಳ ಬಚ್ಚಲಲ್ಲಿ ರಕ್ತ ಕಂಡೆ. ಅವಳಾಗಲೇ ಬಸ್ ಹತ್ತಿದ್ದಳು. ಅವಳೊಬ್ಬಳಿಗೇ ಅಂದುಕೊಂಡು ಫೋನ್ ಒತ್ತಿ ಬೈದೆ: "ರಕ್ತ ಕಾರ್ಕೊಂಡು ಪಾಠ ಮಾಡ್ತೀಯಾ? ಆಸ್ಪತ್ರೆಗೆ ಹೋಗೇ ಮುಂಡೇದೇ!"

ಅದು ಗ್ರೂಪಿಗೆ ಹೋಗಿತ್ತು. ಮಕ್ಕಳು ಕೇಳಿದವು. ಸಂಜೆಯೊಳಗೆ ಯೂನಿವರ್ಸಿಟಿ ಆಫೀಸಿಗೂ ಗೊತ್ತಾಯ್ತು. ರೆಸ್ಟ್ ತಗೊಳ್ಳಿ ಅಂದರು, ಆಮೇಲೆ ಕರೆಯಲೇ ಇಲ್ಲ.

"ನನ್ನಿಂದ ನಿನ್ನ ಕೆಲಸ ಹೋಯ್ತಲ್ಲೇ," ಅಂದೆ.

"ಬೈಗುಳ ಮಾತ್ರ ಸಕ್ಕತ್ತಾಗಿತ್ತು ಅಜ್ಜಿ. ಹುಡುಗ್ರು ಇನ್ನೂ ಹೇಳ್ಕೊಂಡು ನಗ್ತಾವೆ."

ನನ್ನನ್ನು ಗ್ರೂಪಿಂದ ತೆಗೆಯಲಿಲ್ಲ. ಮಕ್ಕಳೂ ಅವಳನ್ನು ಬಿಡಲಿಲ್ಲ. ಸಂಬಳ ಇಲ್ಲದೆ, ಮಲಗಿದ ಕಡೆಯಿಂದಲೇ ಪಾಠ ನಡೆಸಿದಳು. ಬರಬರುತ್ತಾ ಹೆಬ್ಬೆರಳು ಒತ್ತಿದ್ದಕ್ಕಿಂತ ಎತ್ತಿದ್ದೇ ಜಾಸ್ತಿಯಾಯ್ತು.

ಕೊನೆಯ ಪಾಠ ಹೇಳಿ ಮುಗಿಸುವಷ್ಟರಲ್ಲಿ ಬೆವರಿಗೆ ದಿಂಬು ಒದ್ದೆಯಾಗಿತ್ತು.

"ಅರ್ಥ ಆಯ್ತಾ ಅಜ್ಜಿ?"

ಒಂದಕ್ಷರ ತಲೆಗೆ ಹೋಗಿರಲಿಲ್ಲ. ಇಲ್ಲ ಅಂದರೆ ಮತ್ತೆ ಮೊದಲಿಂದ ಶುರು ಮಾಡುತ್ತಾಳೆ, ಉಸಿರೆಲ್ಲಿದೆ?

"ಆಯ್ತು. ಮಲಕ್ಕೋ."

ಅವಳು ಫೋನ್ ಒತ್ತಿ, "ಅಜ್ಜಿಗೇ ಅರ್ಥ ಆಯ್ತಂತೆ ಕಣ್ರೋ," ಅಂತ ಮಕ್ಕಳಿಗೆ ಹೇಳಿ ನಕ್ಕಳು. ಮೂರನೇ ದಿನ ಹೋಗಿಬಿಟ್ಟಳು.

ಮಣ್ಣಿಗೆ ಮಕ್ಕಳೆಲ್ಲ ಶಿಫ್ಟ್ ಬಿಟ್ಟು ಬಂದಿದ್ದವು. ಒಬ್ಬಳು ಹುಡುಗಿ ನನ್ನ ಪಕ್ಕ ಕೂತು, "ಕೊನೇ ಪಾಠ ನಮಗ್ಯಾರಿಗೂ ಅರ್ಥ ಆಗ್ಲಿಲ್ಲ ಅಜ್ಜಿ. ನಿಮಗೆ ಆಯ್ತಂತಲ್ಲ, ಹೇಳ್ಕೊಡ್ತೀರಾ?" ಅಂತ ಕೇಳಿದಳು.

ಮಲಗಿಸಿದ್ದ ಮೇಡಮ್ಮನ ಎರಡೂ ಕೈಯ ಹೆಬ್ಬೆರಳು ಸೇರಿಸಿ ದಾರ ಕಟ್ಟಿದ್ದರು. ಇನ್ನು ಒತ್ತೋದೂ ಇಲ್ಲ, ಎತ್ತೋದೂ ಇಲ್ಲ.