ಪ್ರೋಸ್ಪೆರನ ಹೊಸ ಟ್ಯಾಂಕು

ಆ ದ್ವೀಪದ ಊರಿನಲ್ಲಿ ಕಲ್ಲು ಅಂತ ಇದ್ದರೆ ಅದನ್ನು ತೊಳೆಯುವವನು ಪ್ರೋಸ್ಪೆರನೇ. ಅಂಗಳ, ಮೆಟ್ಟಿಲು, ಚರ್ಚಿನ ಜಗಲಿ, ಏನೇ ಇರಲಿ, ಅವನ ಮೂರು ಚಕ್ರದ ಗೂಡ್ಸ್ ಗಾಡಿ ಹಾಜರು. ಮುಂದೆ ಅವನೊಬ್ಬನಿಗೆ ಸೀಟು. ಹಿಂದೆ ನೀರಿನ ಟ್ಯಾಂಕು, ಪ್ರೆಷರ್ ಪಂಪು, ಉದ್ದದ ಪೈಪು. ಸಕಲ ಸಂತರ ಹಬ್ಬ ಹತ್ತಿರ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಹಬ್ಬದೊಳಗೆ ಗುಡ್ಡದ ಮೇಲಿನ ಸಮಾಧಿಗಳೆಲ್ಲ ಬೆಳ್ಳಗಾಗಬೇಕು. ಅದರಲ್ಲೂ ಊರಿನವರದು ಒಂದು ಹಟ: ಯಾವ ಮನೆಯವರ ಸಮಾಧಿಯೋ ಆ ಮನೆಯ ತೊಟ್ಟಿಯಲ್ಲಿ ಕೂಡಿಟ್ಟ ಮಳೆನೀರೇ ಆಗಬೇಕು. ಹಾಗಾಗಿ ಅವನು ಮನೆಮನೆಗೂ ಹೋಗಿ, ಇನ್ನೂರು ಲೀಟರಿನ ಟ್ಯಾಂಕು ತುಂಬಿಸಿಕೊಂಡು, ಗುಡ್ಡ ಹತ್ತಿ ಇಳಿಯುತ್ತಿದ್ದ.

ಇಷ್ಟೆಲ್ಲ ತೊಳೆಯುವ ಮಹಾರಾಯ ತನ್ನ ಅಪ್ಪ ಅಮ್ಮನ ಕಲ್ಲನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮನೆ ಪಾಲಾದಾಗ ತೊಟ್ಟಿ ಅಣ್ಣ ಲೂಕ್ಷಾನ ಪಾಲಿಗೆ ಹೋಗಿತ್ತು. "ನಿನ್ನ ತೊಟ್ಟಿಯ ಒಂದು ಹನಿಯೂ ನಂಗೆ ಬೇಡ" ಎಂದು ಪ್ರೋಸ್ಪೆರ್ ಎಲ್ಲರೆದುರು ಹೇಳಿಬಿಟ್ಟಿದ್ದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಲೂಕ್ಷಾ ತಾನೇ ಬಕೆಟ್ಟು ಬ್ರಷ್ಷು ಹಿಡಿದು ಹೋಗಿ ಕಲ್ಲು ಉಜ್ಜಿ ಬರುತ್ತಿದ್ದ. ಈ ವರ್ಷ ಅವನ ಸೊಂಟದ ಮೂಳೆ ಮುರಿಯಿತು. ಕೋಲೂರಿಕೊಂಡು ಗೇಟಿನವರೆಗೆ ಬಂದರೆ ಹೆಚ್ಚು. ಸಮಾಧಿಯ ಕಲ್ಲು ಕಪ್ಪುಗಟ್ಟಿ ಅಮ್ಮನ ಹೆಸರೇ ಮುಚ್ಚಿಹೋಗಿತ್ತು. ಅದನ್ನು ನೋಡಿದಾಗಲೆಲ್ಲ ಪ್ರೋಸ್ಪೆರನ ಕೈ ಪೈಪಿನತ್ತ ಹೋಗುತ್ತಿತ್ತು. ಆದರೆ ಅಣ್ಣನ ಗೇಟು ತಟ್ಟುವುದೆಂದರೆ ಉಗುಳಿದ್ದನ್ನು ನುಂಗಿದ ಹಾಗೆ.

ಅಷ್ಟರಲ್ಲಿ ಹಳೆಯ ಟ್ಯಾಂಕು ಬಿರುಕುಬಿಟ್ಟಿತು. ಅಂಗಡಿಯಲ್ಲಿ ಎರಡು ಅಳತೆಯವು ಸಿಕ್ಕಿದವು: ಮೊದಲಿನಂಥದೇ ಇನ್ನೂರರದು, ಇಲ್ಲವೇ ಆರುನೂರರದು. ಅವನು ದೊಡ್ಡದನ್ನು ಹೇರಿಕೊಂಡು ಬಂದ, ಸರಿಹೋಗದಿದ್ದರೆ ವಾಪಸು ಕೊಡುವ ಮಾತಿನ ಮೇಲೆ.

"ಬಂದರಿನ ನಲ್ಲೀಲಿ ಒಂದೇ ಸಲ ತುಂಬಿಸ್ಕೊಂಡು ಹೋದ್ರಾಯ್ತು. ಯಾರ ಗೇಟೂ ತಟ್ಟೋದು ಬೇಡ" ಎಂದ ಹೆಂಡತಿಗೆ.

"ಯಾರ ಗೇಟು ಅಂತ ನಂಗೊತ್ತಿಲ್ವಾ?" ಎಂದಳು ದೋಬ್ರಿಲಾ. "ಆರುನೂರು ಲೀಟರ್ ಅಂದ್ರೆ ಆರುನೂರು ಕಿಲೋ ಮಾರಾಯ. ಈ ಗಾಡಿ ನಿನ್ನನ್ನ ಎಳ್ಯೋದೇ ಕಷ್ಟ."

"ಅರ್ಧ ತುಂಬಿಸ್ತೀನಿ."

"ಅರ್ಧ ತುಂಬಿದ ನೀರು ಸುಮ್ನಿರುತ್ತಾ? ತಿರುವಲ್ಲಿ ಕುಣಿಯುತ್ತೆ."

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆಯೇ ಬಂದರಿನಲ್ಲಿ ಅರ್ಧ ಟ್ಯಾಂಕು ತುಂಬಿಸಿದ. ಮೊದಲು ಅಪ್ಪ ಅಮ್ಮನದನ್ನೇ ಮುಗಿಸಿಬಿಡೋಣ, ಯಾವ ನೀರೆಂದು ಕಲ್ಲಿಗೇನು ಗೊತ್ತಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಗುಡ್ಡದ ದಾರಿ ಹಿಡಿದ. ಲೂಕ್ಷಾನ ಮನೆ ದಾಟಿದ ಮೇಲಿನ ತಿರುವಿನಲ್ಲಿ ನೀರೆಲ್ಲ ಒಂದೇ ಪಕ್ಕಕ್ಕೆ ನುಗ್ಗಿತು. ಗಾಡಿಯ ಒಂದು ಹಿಂಚಕ್ರ ನೆಲಬಿಟ್ಟು ಮತ್ತೆ ದಡಕ್ಕನೆ ಕೂತಿತು. ಪ್ರೋಸ್ಪೆರ್ ಬ್ರೇಕ್ ಹಾಕಿ, ಇಳಿದು, ಟ್ಯಾಂಕಿನ ನಲ್ಲಿ ಬಿಚ್ಚಿದ. ನೀರು ಇಳಿಜಾರಿನಲ್ಲಿ ಹರಿದು ನೆಟ್ಟಗೆ ಅಣ್ಣನ ಗೇಟಿಗೇ ಹೋಯಿತು.

ಲೂಕ್ಷಾ ಕೋಲೂರಿಕೊಂಡು ಹೊರಗೆ ಬಂದ. ನೀರನ್ನು ನೋಡಿದ, ಮೇಲೆ ನಿಂತ ಗಾಡಿಯನ್ನು ನೋಡಿದ.

"ಯಾವ ನೀರೋ ಇದು?"

"ಬಂದರಿಂದು."

"ಅಮ್ಮನ ಮೇಲೆ ಬಂದರಿನ ನೀರು ಹುಯ್ಯೋಕೆ ಹೊರಟಿದ್ಯಾ?"

ಪ್ರೋಸ್ಪೆರನಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ತಿರುವು ಇಳಿದು ಗೇಟಿನವರೆಗೆ ನಡೆದು ಬಂದ.

"ಅಣ್ಣಾ, ನಿನ್ನ ತೊಟ್ಟೀಲಿ ನೀರು ಕೊಡ್ತೀಯಾ?"

ಲೂಕ್ಷಾ ಗಾಡಿಯ ಹಿಂಭಾಗವನ್ನೆಲ್ಲ ನುಂಗಿ ಕೂತಿದ್ದ ಟ್ಯಾಂಕನ್ನೇ ದಿಟ್ಟಿಸುತ್ತಿದ್ದ.

"ಅದನ್ನ ವಾಪಸ್ ಕೊಟ್ಟು ಸಣ್ಣದು ತಗೊಂಬಾ" ಎಂದ. "ಹಿಂದ್ಗಡೆ ನಾನು ಕೂರೋಕೆ ಜಾಗ ಬೇಕು."