ಹೆಸರು ಕೂಗಿ ಮುಗಿಯುವವರೆಗೆ

ನಾನು ನಿಂತಿದ್ದದ್ದು ಕಬ್ಬು ಸಾಗಿಸುವ ಬೆಲ್ಟಿನ ಎಡಕ್ಕೆ, ಗಾಣದ ಬಾಯಿಂದ ಹನ್ನೆರಡು ಅಡಿ ದೂರದಲ್ಲಿ, ಕಂಪ್ಯೂಟರ್ ಪೆಟ್ಟಿಗೆಯ ಮುಂದೆ. ಎರಡು ಹಂಗಾಮಿನ ಹಿಂದಿನ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂ ಹತ್ತು. ಮದ್ದೂರು ತಾಲ್ಲೂಕಿನ ಆ ಖಾಸಗಿ ಬೆಲ್ಲದ ಘಟಕಕ್ಕೆ ಬೆಲ್ಟು ನಡೆಸುವ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನೇ.

ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನೆಲ್ ಎನ್ನುತ್ತೇವೆ. ಗುಂಡಿ, ಮೋಟಾರು, ಸ್ಪೀಕರುಗಳನ್ನು ನೇರವಾಗಿ ಮುಟ್ಟುವ ಅಧಿಕಾರ ಅದಕ್ಕೆ ಮಾತ್ರ. ಉಳಿದ ಪ್ರೋಗ್ರಾಂಗಳು ಅದನ್ನು ಕೇಳಿಕೊಂಡೇ ಕೆಲಸ ಮಾಡಿಸಬೇಕು. ಕರ್ನೆಲ್‌ನಲ್ಲಿ ತಪ್ಪಾದರೆ ಇಡೀ ಕಂಪ್ಯೂಟರ್ ಮಲಗುತ್ತದೆ. ಆದ್ದರಿಂದ ಅದಕ್ಕೆ ಕೆಲಸ ಕಡಿಮೆ ಇರಲಿ, ತೀರ್ಮಾನಗಳು ಪ್ರೋಗ್ರಾಂಗೆ ಇರಲಿ ಎಂದು ಕಲಿತಿದ್ದೆ. ಹಾಗೆಯೇ ಹಂಚಿದ್ದೆ: ಸ್ಟಾಪ್ ಗುಂಡಿ ಒತ್ತಿದ್ದನ್ನು ಕರ್ನೆಲ್ ದಾಖಲಿಸುತ್ತದೆ, ನನ್ನ ಪ್ರೋಗ್ರಾಂ ಅದನ್ನು ಓದಿ ಬೆಲ್ಟ್ ನಿಲ್ಲಿಸುತ್ತದೆ.

ಕಬ್ಬು ತಂದ ರೈತರನ್ನು ಸರದಿ ಬಂದಾಗ ನಂಬರ್ ಕೂಗಿ ಕರೆಯುತ್ತಿದ್ದರು. ಪಾಳಿ ನೋಡಿಕೊಳ್ಳುತ್ತಿದ್ದ ಶಿವಣ್ಣನವರು ಒಂದು ದಿನ ಹೇಳಿದರು: “ನಂಬರ್ ಕೂಗುದ್ರೆ ಟೀ ಅಂಗ್ಡಿಯಿಂದ ಯಾರೂ ಏಳಾಕಿಲ್ಲ ಕಣ್ ಸಾ. ಎಸ್ರು ಕೂಗ್ಸಿ. ಬರೀ ನಿಂಗೇಗೌಡ ಅಂದ್ರೆ ಐದ್ ಜನ ಓಡ್ಬತ್ತಾರೆ. ಊರು, ಮನೆ, ಅಪ್ಪನ್ ಎಸ್ರು ಎಲ್ಲಾ ಆಕ್ಬುಡಿ.”

ಅರ್ಧ ದಿನದ ಕೆಲಸ. ಗುಂಡಿ ಓದುವ ಪ್ರೋಗ್ರಾಂನೊಳಗೇ ಸೇರಿಸಿದೆ. ಸ್ಪೀಕರು ಹೆಸರನ್ನು ಎರಡು ಸಲ ಕೂಗಿ ಮುಗಿಸುವವರೆಗೆ ಪ್ರೋಗ್ರಾಂ ಕಾಯುತ್ತಿತ್ತು, ಬೇರೇನನ್ನೂ ನೋಡುತ್ತಿರಲಿಲ್ಲ. ನಾನು ಪರೀಕ್ಷಿಸಿದ್ದು ‘ರಾಮು’ ಎಂಬ ಹೆಸರಿನಿಂದ.

ಆ ಮಂಗಳವಾರ ಬೆಲ್ಟಿಗೆ ಕಬ್ಬು ಕೊಡುತ್ತಿದ್ದ ಪುಟ್ಟಸ್ವಾಮಿಯ ಹೆಗಲ ಟವೆಲು ಜಲ್ಲೆಗಳ ಕೆಳಗೆ ಸಿಕ್ಕಿಕೊಂಡಿತು. ಎಳೆಯಲು ಬಲಗೈ ಹಾಕಿದ. ಟವೆಲು ಕೈಗೆ ಸುತ್ತಿಕೊಂಡಿತು. ಸಿಪ್ಪೆ ಹೊರುತ್ತಿದ್ದ ಜಯಮ್ಮ ಬುಟ್ಟಿ ಎಸೆದು ಗುಂಡಿ ಒತ್ತಿದಳು.

ಸ್ಪೀಕರು ಆಗಷ್ಟೇ ಶುರು ಮಾಡಿತ್ತು: “ದುದ್ದದ ದೊಡ್ಡಮನೆ ಬೋರೇಗೌಡರ ಎರಡನೇ ಮಗ ನಿಂಗೇಗೌಡ...”

ಬೆಲ್ಟು ನಿಲ್ಲಲಿಲ್ಲ. ಅವಳು ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ನಾನು ಪರದೆ ನೋಡುತ್ತಿದ್ದೆ. ಪರದೆಯಲ್ಲಿ ಎಲ್ಲವೂ ಸರಿಯಿತ್ತು.

“ಏನ್ ಸಾ ಟೀವಿ ನೋಡ್ದಂಗ್ ನಿಂತಿದ್ದೀರಾ! ಕರೆಂಟ್ ತೆಗೀರಿ!” ಎಂದು ಜಯಮ್ಮ ಕೂಗಿದಳು.

ಅವಳೇ ಓಡಿ ಗೋಡೆಯ ಮೇನ್ ಸ್ವಿಚ್ ಎಳೆದಳು. ಅಷ್ಟರಲ್ಲಿ ಪುಟ್ಟಸ್ವಾಮಿಯ ಎರಡು ಬೆರಳು ಗಾಣದೊಳಗೆ ಹೋಗಿದ್ದವು. ಕೈ ಉಳಿಯಿತು.

ಸಂಜೆ ದಾಖಲೆ ತೆಗೆದು ನೋಡಿದೆ. ಮೂರು ಒತ್ತುಗಳೂ ಸಮಯದ ಸಮೇತ ಇದ್ದವು. ಮೊದಲನೆಯದರಿಂದ ಕರೆಂಟ್ ಹೋಗುವವರೆಗೆ ಒಂಬತ್ತು ಸೆಕೆಂಡು. ಅಷ್ಟೂ ಹೊತ್ತು ಪ್ರೋಗ್ರಾಂ ಅವನ್ನು ಓದಿರಲಿಲ್ಲ. ಕರ್ನೆಲ್ ತನ್ನ ಪಾಲಿನದನ್ನು ಮಾಡಿತ್ತು. ಪಾಲು ಹಂಚಿದವನು ನಾನು.

ಈಗ ಸ್ಟಾಪ್ ಗುಂಡಿಯ ತಂತಿ ನೇರವಾಗಿ ಮೋಟಾರಿನ ಕರೆಂಟನ್ನೇ ಕತ್ತರಿಸುತ್ತದೆ. ಪ್ರೋಗ್ರಾಂ ಅರ್ಧ ಸೆಕೆಂಡಿಗೊಮ್ಮೆ ‘ಇದ್ದೇನೆ’ ಎನ್ನದಿದ್ದರೆ ಕರ್ನೆಲ್ ತಾನೇ ಬೆಲ್ಟ್ ನಿಲ್ಲಿಸುತ್ತದೆ. ಹೆಸರು ಕೂಗುವುದು ಬೇರೆಯೇ ಪ್ರೋಗ್ರಾಂ. ಯಾರೂ ಕೇಳಿಸಿಕೊಳ್ಳದಿದ್ದರೂ ಆಗಲೇಬೇಕಾದ ಕೆಲಸವನ್ನು, ಕೇಳಿಸಿಕೊಳ್ಳಬೇಕಾದವರ ಕೈಗೆ ಕೊಡಬಾರದು. ಇದನ್ನು ಕಲಿಯಲು ನನ್ನ ಬೆರಳು ಹೋಗಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ಪುಟ್ಟಸ್ವಾಮಿ ಬೈಯಲಿಲ್ಲ. “ಅಷ್ಟುದ್ದ ಯಾಕ್ ಸಾ ಕೂಗುಸ್ದ್ರಿ? ಆ ನಿಂಗೇಗೌಡ ನನ್ ಪಕ್ಕದಲ್ಲೇ ನಿಂತಿದ್ದ ಕಣ್ ಸಾ” ಎಂದ.

ಅಂದು ಅಲ್ಲಿದ್ದು ನೋಡಿದವರಲ್ಲಿ ಶಿವಣ್ಣನವರು ಈಗಿಲ್ಲ. ಜಯಮ್ಮ ಇದ್ದಾಳೆ, ದುದ್ದದ ನಿಂಗೇಗೌಡರಿದ್ದಾರೆ, ಪುಟ್ಟಸ್ವಾಮಿ ಇದ್ದಾನೆ. ನಾನು ಬರೆದದ್ದರಲ್ಲಿ ಹೆಚ್ಚುಕಡಿಮೆ ಇದ್ದರೆ ಅವರು ಹೇಳಬಲ್ಲರು.